ಚುಂಗಿನ ಗಂಟು

ನಮ್ಮ ಚಿಕ್ಕೋಡಿ ಸೀಮೆಯ ಬೈಗುಳಗಳಲ್ಲಿ ‘ಖಬರಗೇಡಿ’ ಎಂಬುದು ಬಹಳ ಮೆತ್ತನೆಯದು. ಅರ್ಧ ಸಿಟ್ಟು, ಅರ್ಧ ಅಂತಃಕರಣ ಕಲಸಿ ಮಾಡಿದ ಶಬ್ದ. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಎದುರಿಗೇ ಕೂತು ಕಾಣದವನು, ರಾಯಬಾಗದ ಸ್ಟೇಷನ್ನಿನಲ್ಲಿ ತಾನು ಇಳಿದು ಕೊಡೆಯನ್ನು ಮಿರಜಕ್ಕೆ ಕಳಿಸಿಕೊಟ್ಟವನು, ಸಂತೆಯ ಚೀಲವನ್ನು ಚಹಾದ ಅಂಗಡಿಯಲ್ಲಿ ಬಿಟ್ಟು ಚಹಾದ ರುಚಿಯನ್ನಷ್ಟೇ ಮನೆಗೆ ತಂದವನು, ಇವರೆಲ್ಲ ಖಬರಗೇಡಿಗಳು. ಬೇರೆಯವರ ಮನೆಗಳಲ್ಲಿ ಹೊಲ, ಬಂಗಾರ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆ. ನಮ್ಮಲ್ಲಿ ಈ ಬಿರುದು ಇಳಿಯಿತು. ಅಪ್ಪನಿಂದ ನನಗೆ ಅಷ್ಟಿಷ್ಟು, ತಂಗಿಯನ್ನು ಮುಟ್ಟದೆ ಹಾದು ಆಕೆಯ ಮಗನಿಗೆ ಧಾರಾಳ.

ಆ ಅಳಿಯನಿಗೆ 31 ತುಂಬಿದ ವರ್ಷ ಪುಣೆಯ ಮನೋವೈದ್ಯರೊಬ್ಬರು ಇದಕ್ಕೆ ಬೇರೆ ಹೆಸರಿಟ್ಟರು: ಎಡಿಎಚ್‌ಡಿ. ಲಕ್ಷ್ಯ ಒಂದು ಕಡೆ ನಿಲ್ಲದ, ಮೈ ಒಂದು ಕಡೆ ಕೂಡದ ಸ್ಥಿತಿ. ಅವತ್ತು ರಾತ್ರಿ ಅವನ ಫೋನು ಬಂತು. “ಮಾಮಾ, ನಾ ಖಬರಗೇಡಿ ಅಲ್ರಿ. ನನಗ ರೋಗ ಐತಿ ಅಂತ!” ದನಿಯಲ್ಲಿ ಪರೀಕ್ಷೆ ಪಾಸಾದವನ ಹಿಗ್ಗು. ನಾನು ಸಂತಾಪ ಹೇಳಬೇಕೋ ಅಭಿನಂದನೆ ಹೇಳಬೇಕೋ ತಿಳಿಯದೆ, “ಊಟಾ ಆತೇನೋ?” ಎಂದು ಕೇಳಿ ಫೋನಿಟ್ಟೆ.

ಒಂದೆರಡು ವರ್ಷಕ್ಕೆ ಅವನ ಕಂಪನಿ ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿತು. ಹುಡುಗ ಲ್ಯಾಪ್‌ಟಾಪು ಹಿಡಿದು ಕಾಗವಾಡದ ಹತ್ತಿರದ ತನ್ನೂರಿಗೆ, ಉಗಾರದ ಸಕ್ಕರೆ ಕಾರ್ಖಾನೆಯ ಬೆಲ್ಲದ ವಾಸನೆ ಗಾಳಿಗೆ ಬರುವ ಊರಿಗೆ ಬಂದ. ಗುಳಿಗೆ ಬರೆಯುವ ಡಾಕ್ಟರು ಪುಣೆಯಲ್ಲಿ ಉಳಿದರು. “ಈಗೆಲ್ಲಾ ಆನ್‌ಲೈನ್ ಐತ್ರಿ ಮಾಮಾ. ಡಾಕ್ಟರ್ ಫೋನ್ಯಾಗ ಬರ್ತಾರ, ಗುಳಿಗಿ ಪಾರ್ಸಲ್‌ನ್ಯಾಗ ಬರ್ತಾವ. ಆದ್ರ ಇಂಥಾವು ಹತ್ತಾರು ಅದಾವ. ಯಾವುದು ಚೊಲೋ ಅಂತ ನೋಡಬೇಕು. ನೀವ 32 ವರ್ಷ ಪೇಪರ್ ತಿದ್ದೀರಿ. ಇವಕ್ಕೂ ಮಾರ್ಕ್ಸ್ ಕೊಡ್ರಲ್ಲ.” ನಿವೃತ್ತ ಮಾಸ್ತರನಿಗೆ ಕೆಂಪು ಪೆನ್ನು ತೋರಿಸುವುದು ಮುದಿ ಎತ್ತಿಗೆ ಹಸಿ ಮೇವು ತೋರಿಸಿದ ಹಾಗೆ. ಮರುದಿನವೇ ಚಿಕ್ಕೋಡಿಯಿಂದ ಬಸ್ಸು ಹತ್ತಿದೆ. ಪೆನ್ನು ಮನೆಯಲ್ಲೇ ಉಳಿದಿತ್ತು ಎಂಬುದು ಅಂಕಲಿ ದಾಟಿದ ಮೇಲೆ ಗೊತ್ತಾಯಿತು.

ಮೊದಲನೆಯ ಸೇವೆ ಬಾಗಿಲಲ್ಲೇ ನಪಾಸಾಯಿತು. ಅಂಗಡಿ ಇಟ್ಟಿದ್ದು ಲಕ್ಷ್ಯ ನಿಲ್ಲದವರಿಗಾಗಿ, ಒಳಗೆ ಬಿಡುವ ಮೊದಲು ತುಂಬಿಸುವುದು ಹನ್ನೊಂದು ಪುಟ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಅಳಿಯ ಎದ್ದು ಎಮ್ಮೆಗೆ ನೀರು ತೋರಿಸಲು ಹೋದ. ಅಲ್ಲಿ ನಲ್ಲಿ ಸೋರುವುದನ್ನು ಕಂಡು ಪಾನಾ ಹುಡುಕಲು ಹೋದ. ಪಾನಾ ಹುಡುಕುವಾಗ ಹಳೆಯ ಫೋಟೋ ಸಿಕ್ಕಿ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದ. ಅಷ್ಟರಲ್ಲಿ ಫೋನಿಗೆ ಒಟಿಪಿ ಹುಟ್ಟಿ, ಎರಡು ನಿಮಿಷ ಬದುಕಿ, ಸತ್ತೂ ಹೋಗಿತ್ತು. ಎಮ್ಮೆ ಒದರುತ್ತಲೇ ಇತ್ತು. ಈ ಹನ್ನೊಂದು ಪುಟ ಮುಗಿಸಬಲ್ಲವನಿಗೆ ಈ ರೋಗ ಇರಲಾರದು. ಬಹುಶಃ ಅದೇ ಅವರ ಪರೀಕ್ಷೆಯೂ ಇದ್ದೀತು.

ಎರಡನೆಯದರಲ್ಲಿ ಹೆಣ್ಣು ಹೆಸರಿನ ಒಂದು ಯಂತ್ರ ನಯವಾಗಿ ಮಾತಾಡಿಸಿತು. ಏನು ಹೇಳಿದರೂ “ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ” ಎನ್ನುತ್ತಿತ್ತು. ನಲ್ಲಿ ಸೋರುವ ಸಂಗತಿಯೂ ಅದಕ್ಕೆ ಅರ್ಥವಾಯಿತು. 2020ರ ಮಾರ್ಚ್ 25ರಂದು, ದೇಶಕ್ಕೆಲ್ಲ ಬೀಗ ಬಿದ್ದ ದಿನವೇ, ಸರಕಾರ ದೂರವೈದ್ಯಕ್ಕೆ ಬಾಗಿಲು ತೆರೆದು ನಿಯಮಗಳನ್ನು ಹೊರಡಿಸಿತು. ಯಂತ್ರವು ರೋಗಿಗೆ ಸಲಹೆ ಕೊಡಕೂಡದು, ಔಷಧ ಬರೆಯಕೂಡದು, ಡಾಕ್ಟರಿಗೆ ನೆರವಾಗಬಹುದು ಅಷ್ಟೇ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಡಾಕ್ಟರರ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕು ಎಂದೂ ಇದೆ. ನಾನು ಆ ನಿಯಮಗಳ ಪ್ರತಿ ತೆಗೆಸಿ, ಅಳಿಯನ ಪೆನ್ಸಿಲ್ಲಿನಿಂದ ಗೆರೆ ಹಾಕಿ, ಉತ್ತರಪತ್ರಿಕೆಯ ‘ಕೀ’ ಮಾಡಿಕೊಂಡೆ. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಯಂತ್ರ, “ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?” ಎಂದು ನನ್ನನ್ನೇ ಕೇಳಿತು.

ಮೂರನೆಯದರಲ್ಲಿ ನಿಜವಾದ ಡಾಕ್ಟರು ಬಂದರು. ನೆಟ್‌ವರ್ಕು ಸಿಗುವುದು ಮಾಳಿಗೆಯ ಮೇಲಿನ ನೀರಿನ ಟಾಕಿಯ ಮಗ್ಗುಲಲ್ಲಿ ಮಾತ್ರ. ಗಡಿಯ ಗಾಳಿಗೆ ನಮ್ಮ ಫೋನುಗಳು ಒಮ್ಮೆ ಕರ್ನಾಟಕದ ಗೋಪುರ ಹಿಡಿಯುತ್ತವೆ, ಒಮ್ಮೆ ಮಹಾರಾಷ್ಟ್ರದ್ದು. ಸರಿಯಾಗಿ ರೋಗದ ಮಾತಿಗೆ ಬರುವಾಗ ಡಾಕ್ಟರರ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ಕಾಳು ಒಣಹಾಕುತ್ತಿದ್ದ ತಂಗಿ ಬಗ್ಗಿ ನೋಡಿ, “ಪಾಪ, ಇವರಿಗೂ ಖಬರ ತಪ್ಪೇತಿ” ಅಂದಳು. ಮುಖ ಮತ್ತೆ ಅಲುಗಾಡಿದಾಗ ಸಮಯ ಮುಗಿದಿತ್ತು. ಒಟ್ಟು ನಾಲ್ಕು ನಿಮಿಷ. ರಕ್ತದೊತ್ತಡ ಕೇಳಲಿಲ್ಲ, ಎದೆಬಡಿತ ಕೇಳಲಿಲ್ಲ, ನಿದ್ದೆ ಬರುತ್ತದೆಯೇ ಎಂದೂ ಕೇಳಲಿಲ್ಲ. ನಮ್ಮ ಶಾಲೆಯಲ್ಲಿ ಹಾಜರಿ ಕೂಗಲಿಕ್ಕೂ ನಾನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದೆ.

ಹಾಜರಿಯ ಮಾತಿಗೆ ಒಂದು ನೆನಪು. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಲ್ಲಿ ಈ ತೊಂದರೆ ಇದೆಯೇ ಎಂದು ಜರಡಿ ಹಿಡಿಯಲು ಮಾಡಿದ 18 ಪ್ರಶ್ನೆಗಳ ಪಟ್ಟಿಯೊಂದಿದೆ. ಅದರಲ್ಲಿ ಮೊದಲ 6 ಮುಖ್ಯ. ಎಲ್ಲ ಸೇವೆಗಳೂ ಅದನ್ನೇ ಮುಂದಿಟ್ಟವು. ಹಿಡಿದ ಕೆಲಸದ ಕೊನೆಯ ತುದಿ ಮುಗಿಸಲು ಕಷ್ಟವೇ, ಒಪ್ಪಿಕೊಂಡ ಭೇಟಿಗಳು ಮರೆಯುತ್ತವೆಯೇ, ಬಹಳ ಹೊತ್ತು ಕೂಡಬೇಕಾದಾಗ ಕೈಕಾಲು ಆಡಿಸುತ್ತೀರೇ, ಹೀಗೆ. ಅಳಿಯನಿಗಾಗಿ ಓದುತ್ತ ಹೋದವನು ನನ್ನ ಉತ್ತರಗಳನ್ನೂ ಮನಸ್ಸಿನಲ್ಲೇ ಬರೆಯತೊಡಗಿದೆ. ಚಿಕ್ಕೋಡಿಯ ನಮ್ಮ ಮನೆಯ ಹಿತ್ತಿಲ ಗೋಡೆಗೆ ಒಂದು ಮಗ್ಗುಲು ಗಿಲಾಯಿ ಆಗಿ ಹದಿನೇಳು ವರ್ಷ. ಇನ್ನೊಂದು ಮಗ್ಗುಲು ಇನ್ನೂ ನನ್ನ ದಾರಿ ಕಾಯುತ್ತಿದೆ. ಆಮೇಲೆ, ಕೇಳದೇ ಬಂದವರ ಹಾಗೆ, ಹುಡುಗರು ಬಂದರು. ಕೊನೆಯ ಬೆಂಚಿನವರು. ಒಬ್ಬನಂತೂ ಪಾಠದುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದ. ಸಿಟ್ಟು ಬಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಎತ್ತರ ಸಿಕ್ಕಿದ್ದರಿಂದ ಅವನಿಗೆ ಹೊರಗಿನದು ಇನ್ನೂ ಚೆನ್ನಾಗಿ ಕಂಡಿತು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವನು ನಗಲಿಲ್ಲ. ಹತ್ತನೆಯ ತರಗತಿಗೆ ಅವನ ಹೆಸರು ನನ್ನ ಹಾಜರಿ ಪುಸ್ತಕದಲ್ಲಿ ಇರಲಿಲ್ಲ.

ನಾನು ತಿಳಿದಂತೆ ಇದು ಮೊಬೈಲು ಹುಟ್ಟಿಸಿದ ರೋಗವಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ 1798ರಲ್ಲೇ ನಿಲ್ಲದ ಲಕ್ಷ್ಯದ ಬಗ್ಗೆ ಬರೆದಿದ್ದಾನೆ. ಮುಂದಿನ ಶತಮಾನದಲ್ಲಿ ಜರ್ಮನಿಯ ಹೈನ್ರಿಖ್ ಹಾಫ್ಮನ್ ಎಂಬ ವೈದ್ಯ ಮಕ್ಕಳಿಗಾಗಿ ಅಚ್ಚು ಮಾಡಿಸಿದ ಪದ್ಯಗಳಲ್ಲಿ ಫಿಲಿಪ್ ಎಂಬ ಹುಡುಗ ಊಟದ ಮೇಜಿನಲ್ಲಿ ಕುರ್ಚಿ ತೂಗಾಡಿಸಿ, ಹಾಸಿದ ಬಟ್ಟೆಯನ್ನು ಅಡುಗೆಯ ಸಮೇತ ನೆಲಕ್ಕೆ ಎಳೆಯುತ್ತಾನೆ. ಆ ಫಿಲಿಪ್ಪನನ್ನು ನಾನು ಬಲ್ಲೆ. ನಮ್ಮ ಅಪ್ಪ ಎರಡು ಸಲ ಹೀಗೆ ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಉರುಳಿಸಿದ್ದಾನೆ. ಇನ್ನು ಗುಳಿಗೆಯ ಕಥೆ ಒಂದು ಪ್ರೇಮಕಥೆ. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲಿಯಾಂಡ್ರೋ ಪ್ಯಾನಿಝೋನ್ ಎಂಬ ರಸಾಯನಜ್ಞ ಮಿಥೈಲ್‌ಫೆನಿಡೇಟ್ ತಯಾರಿಸಿದ. ಅವನ ಹೆಂಡತಿ ಮಾರ್ಗರೀಟ್ ಟೆನಿಸ್ ಆಡುವ ಮೊದಲು ಅದನ್ನು ತಗೊಂಡು, ಆಟ ಕಳೆಗಟ್ಟುತ್ತದೆ ಎಂದಳಂತೆ. ಮನೆಯಲ್ಲಿ ಆಕೆಯ ಹೆಸರು ರೀಟಾ. ಹಾಗಾಗಿ ಗುಳಿಗೆ ರಿಟಾಲಿನ್ ಆಯಿತು. ನಮ್ಮ ಅಪ್ಪನೂ ಒಂದು ಆಕಳಿಗೆ ಅವ್ವನ ಹೆಸರಿಟ್ಟಿದ್ದ. ಆಕೆ ಎರಡು ದಿನ ಮಾತು ಬಿಟ್ಟಿದ್ದಳು.

ಅಪ್ಪನದು ನಿಪ್ಪಾಣಿಯ ಹತ್ತಿರ ವೇದಗಂಗೆಯ ದಂಡೆಯ ತಂಬಾಕಿನ ಹೊಲ. ಪೇಟೆಗೆ ಹೊರಟರೆ ಅವ್ವ ಅವನ ಹೆಗಲ ಮೇಲಿನ ವಲ್ಲಿಯ ಚುಂಗಿಗೆ ಗಂಟು ಹಾಕುತ್ತಿದ್ದಳು. ಉಪ್ಪಿಗೊಂದು, ಚಿಮಣಿ ಎಣ್ಣೆಗೊಂದು, ನನ್ನ ಪಾಟಿಗೊಂದು. ಪೇಟೆಯಲ್ಲಿ ಮುಖ ಒರೆಸಿಕೊಳ್ಳುವಾಗ ಗಂಟು ಕಣ್ಣಿಗೆ ಬೀಳುವುದು. ಏನೋ ಮರೆತಿದ್ದೇನೆ ಎಂಬುದು ಥಟ್ಟನೆ ನೆನಪಾಗುವುದು. ಏನು ಎಂಬುದು ಮಾತ್ರ ಆಗದು. ಆಗ ಅಪ್ಪ ಕಾಯಂ ಅಂಗಡಿಗೆ ಹೋಗಿ ಚುಂಗು ಎತ್ತಿ ತೋರಿಸಿ, “ಸಾವಕಾರ್ರ, ನಮ್ಮಾಕಿ ಏನ ಹೇಳಿರಬೇಕ್ರಿ?” ಎಂದು ಕೇಳುತ್ತಿದ್ದ. ಆ ಅಂಗಡಿಯವರು ಗಂಟು ಎಣಿಸಿ, ತಿಂಗಳ ಯಾವ ವಾರ ಎಂದು ನೋಡಿ, ಸಾಮಾನು ಕಟ್ಟಿಕೊಡುತ್ತಿದ್ದರು. ತಪ್ಪಿದ್ದು ಅಪರೂಪ. ಅವರು ಅವ್ವನನ್ನು ಕಂಡವರೇ ಅಲ್ಲ. ಆಕೆಯ ಗಂಟುಗಳನ್ನಷ್ಟೇ ಓದಿಕೊಂಡಿದ್ದವರು.

ಐದು ನಿಮಿಷ ಕೂಡಲಾರದ ಆ ಮನುಷ್ಯ ಒಮ್ಮೆ ಮಾತ್ರ ಮೂರು ವಾರ ಕೂತ. 1981ರ ಮಾರ್ಚ್ ತಿಂಗಳು. ತಂಬಾಕಿಗೆ ತಕ್ಕ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ನಿಪ್ಪಾಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಅಪ್ಪ ರೊಟ್ಟಿಗಂಟಿನ ಜೊತೆ ಹೋದವನು ಏಳಲೇ ಇಲ್ಲ. ಈ ತೊಂದರೆಯ ಜನಕ್ಕೆ ಲಕ್ಷ್ಯವೇ ಇಲ್ಲ ಅನ್ನುವುದು ತಪ್ಪು ಅಂತ ಅಳಿಯನ ಡಾಕ್ಟರು ಹೇಳುತ್ತಾರೆ. ಎದೆಗೆ ಹತ್ತಿದ ವಿಷಯ ಸಿಕ್ಕರೆ ಲಕ್ಷ್ಯ ಉಡದ ಹಾಗೆ ಕಚ್ಚಿ ಹಿಡಿಯುತ್ತದಂತೆ. ಏಪ್ರಿಲ್ 6ರಂದು ಗೋಲಿಬಾರ್ ಆಯಿತು. 12 ಜನ ರೈತರು ಸತ್ತರು. ಅಪ್ಪ ಕತ್ತಲಾದ ಮೇಲೆ ಹೊಲದ ದಾರಿಯಿಂದ ಮನೆಗೆ ಬಂದ. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಒಂದು ಅಥಣಿ ಕಡೆಯ ಹೆಣಿಗೆಯದು, ಒಂದು ಸವೆದ ಟಾಯರಿನದು. ಎರಡೂ ಅವನವಲ್ಲ. ಬೇರೆ ದಿನವಾಗಿದ್ದರೆ ಅವ್ವ ಓಣಿಯನ್ನೆಲ್ಲ ಕರೆದು ತೋರಿಸಿ ನಗುತ್ತಿದ್ದಳು. ಅವತ್ತು ಸುಮ್ಮನೆ ಅವನ್ನು ತೆಗೆದು ಅಟ್ಟದ ಮೇಲಿಟ್ಟಳು. ಅಪ್ಪ ಅವನ್ನು ಮತ್ತೆ ಮೆಟ್ಟಲಿಲ್ಲ, ಒಗೆಯಲೂ ಬಿಡಲಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಇದೂ ಆ ಆರು ಪ್ರಶ್ನೆಗಳ ಉತ್ತರವೇ.

ನಾಲ್ಕನೆಯ ಸೇವೆಯ ಡಾಕ್ಟರು ಒಬ್ಬ ಹೆಣ್ಣುಮಗಳು. ಮೊದಲು ತಮ್ಮ ನೋಂದಣಿ ಸಂಖ್ಯೆ ಹೇಳಿದರು. ನಾನು ಕೇಳದೆಯೇ ಹೇಳಿದ್ದಕ್ಕೆ ಐದು ಅಂಕ. ಮುಕ್ಕಾಲು ತಾಸು ಮಾತಾಡಿದರು. ಹೃದಯದ ಬೇನೆ ಮನೆಯಲ್ಲಿ ಯಾರಿಗಾದರೂ ಇದೆಯೇ, ತಂಬಾಕು, ಕುಡಿತ ಇದೆಯೇ, ಬೇರೆ ಗುಳಿಗೆ ನಡೆದಿದೆಯೇ, ಊರ ದವಾಖಾನೆಯಲ್ಲಿ ತೂಕ, ರಕ್ತದೊತ್ತಡ ಅಳೆಸಿ ಕಳಿಸುತ್ತೀರಾ ಎಂದರು. ಹನ್ನೆರಡು ವರ್ಷದ ಒಳಗೇ ಇದರ ಲಕ್ಷಣ ಕಂಡಿರಬೇಕು, ಆದ್ದರಿಂದ ತಾಯಿಯನ್ನು ಕೇಳಬೇಕು ಎಂದು ನನ್ನ ತಂಗಿಯನ್ನು ಕರೆಸಿದರು. ಆಕೆ ಸೆರಗು ಸರಿಮಾಡಿಕೊಂಡು ಟಾಕಿಯ ಹತ್ತಿರ ಬಂದು, “ಹನ್ನೆರಡೇನ್ರಿ ಡಾಕ್ಟರ್ರ, ಹೊಟ್ಯಾಗಿದ್ದಾಗಿಂದ ಹಂಗ ಅದಾನ್ರಿ ಅಂವ. ಒದ್ದದ್ದ ಒದ್ದದ್ದು” ಅಂದಳು. ಡಾಕ್ಟರು ನಕ್ಕು, ಅದನ್ನೂ ಬರೆದುಕೊಂಡರು.

ಕೊನೆಗೆ ಹೇಳಿದ್ದು ಇಷ್ಟು: “ನಿಮಗೆ ಪುಣೆಯಲ್ಲಿ ಕೊಟ್ಟಿದ್ದ ಈ ಗುಳಿಗೆಯನ್ನು ನಾನು ವಿಡಿಯೋದಲ್ಲಿ ಬರೆದುಕೊಡುವ ಹಾಗಿಲ್ಲ. ಯಾರೂ ಬರೆಯುವ ಹಾಗಿಲ್ಲ.” ಮಿಥೈಲ್‌ಫೆನಿಡೇಟ್ ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿದೆ, 1985ರ ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲೂ ಇದೆ. 2020ರ ನಿಯಮ ಅಂಥವನ್ನು ದೂರದಿಂದ ಬರೆಯುವುದನ್ನು ನೇರವಾಗಿ ನಿಷೇಧಿಸಿದೆ. ಅಟಾಮಾಕ್ಸೆಟಿನ್ ಎಂಬ ಇನ್ನೊಂದು ಗುಳಿಗೆ ಆ ಪಟ್ಟಿಯಲ್ಲಿಲ್ಲ, ಆದರೆ ಅದರ ಗುಣ ಕಾಣಲು ವಾರಗಟ್ಟಲೆ ಕಾಯಬೇಕು. ಹುಡುಗನಿಗೆ ಮೊದಲಿನದೇ ಒಗ್ಗಿದೆ, ಸಮೀಪದ ಮನೋವೈದ್ಯರ ಎದುರು ಹೋಗಿ ಕೂಡಲಿ ಎಂದರು. ಅಳಿಯನ ಮುಖ ಸಪ್ಪೆಯಾಯಿತು. ನಾನು ಮಾತ್ರ ಅವರಿಗೆ ನೂರಕ್ಕೆ ತೊಂಬತ್ತು ಹಾಕಿದೆ. ಅಮೆರಿಕದಲ್ಲಿ ಕೊರೋನಾ ಕಾಲದಲ್ಲಿ ನಿಯಮ ಸಡಿಲ ಬಿಟ್ಟು, ಇಂಥ ಗುಳಿಗೆಗಳನ್ನು ಆನ್‌ಲೈನಿನಲ್ಲಿ ಹಂಚಿದ ಕಂಪನಿಯೊಂದರ ಒಡತಿಯನ್ನು 2024ರ ಜೂನ್‌ನಲ್ಲಿ ಬಂಧಿಸುವವರೆಗೂ ಸಂಗತಿ ಹೋಗಿತ್ತು. ಕೊಡಲಾರೆ ಎಂದು ಮೊದಲೇ ಹೇಳುವ ಅಂಗಡಿಯನ್ನು ನಂಬಬಹುದು ಎಂಬುದು ತಂಬಾಕಿನ ಪೇಟೆಯಲ್ಲಿ ಬೆಳೆದವನ ಲೆಕ್ಕ.

ಹಾಗೇ 14416ಕ್ಕೂ ಫೋನು ಮಾಡಿದೆವು. ಟೆಲಿ ಮನಸ್ ಎಂಬ ಸರಕಾರಿ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ, ಕಾಸಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ. ಎತ್ತಿದವರು ಕನ್ನಡದಲ್ಲಿ, ಅವಸರವಿಲ್ಲದೆ ಕೇಳಿಸಿಕೊಂಡರು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆಯನ್ನು ವಿಚಾರಿಸಿರಿ ಎಂದರು. ವಿಚಾರಿಸೋಣವೆಂದು ಮಾತಾಯಿತು. ಮಂಗಳವಾರ ಬಂತು. ನಾವಿಬ್ಬರೂ ಬುಧವಾರ ಎದ್ದೆವು.

ಕೊನೆಗೆ ಹೋದದ್ದು ಮಿರಜಕ್ಕೆ. ಕಾಗವಾಡ, ಅಥಣಿ, ರಾಯಬಾಗದ ಬೇನೆಗಳೆಲ್ಲ ತಲೆಮಾರುಗಳಿಂದ ಹೋಗುತ್ತಿರುವುದು ಅಲ್ಲಿಗೇ. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನ್ನಿನ ವೈದ್ಯ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಅದು ದವಾಖಾನೆಗಳ ಊರು. ಗಡಿಯ ಜಗಳ ಕಾವೇರಿದಾಗ ಬಸ್ಸುಗಳು ನಿಂತಾವು, ಬೋರ್ಡುಗಳಿಗೆ ಮಸಿ ಬಿದ್ದೀತು. ರೋಗಿಗಳನ್ನು ಯಾರೂ ನಿಲ್ಲಿಸಿಲ್ಲ. ಹೊಟ್ಟೆನೋವನ್ನು ಕನ್ನಡದಲ್ಲಿ ಹೇಳಿ, ಪಥ್ಯವನ್ನು ಮರಾಠಿಯಲ್ಲಿ ಕೇಳಿ, ಬಿಲ್ಲಿಗೆ ಹಿಂದಿಯಲ್ಲಿ ಗೊಣಗಿ ಬರುವುದು ನಮ್ಮ ಪದ್ಧತಿ. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ ಚೀಟಿಯನ್ನು ಎರಡು ಪ್ರತಿ ಬರೆದರು. ಕಾನೂನು ಹಾಗೇ ಇದೆ. ಈ ಗುಳಿಗೆ ಮಾರಲು ಮೆಡಿಕಲ್ ಅಂಗಡಿಗೆ ಬೇರೆಯೇ ಪರವಾನಿಗಿ ಬೇಕು, ಗುಳಿಗೆ ಬೀಗದೊಳಗಿರಬೇಕು, ಒಂದು ಪ್ರತಿಯನ್ನು ಎರಡು ವರ್ಷ ಅಂಗಡಿಯವರು ಕಾಪಿಡಬೇಕು. ಅಂಗಡಿಯವರು ದೊಡ್ಡ ಪುಸ್ತಕ ತೆರೆದು ಹೆಸರು, ಊರು, ಗುಳಿಗೆಯ ಎಣಿಕೆ ಬರೆದುಕೊಂಡರು. ಅಳಿಯ ತನ್ನ ಪ್ರತಿಯನ್ನು ಮರಳುವಾಗ ಎಲ್ಲೋ ಕಳೆದ. ನಮ್ಮ ಮನೆತನದ ಇತಿಹಾಸದಲ್ಲಿ ಕಳೆಯದೇ ಉಳಿದ ಮೊದಲ ಕಾಗದ ಆ ಅಂಗಡಿಯಲ್ಲಿರುವುದು.

ಈಗ ತಿಂಗಳಿಗೊಮ್ಮೆ ಅವನು ಹೋಗಿ ಬರುತ್ತಾನೆ. ನೆನಪಿಸಲು ಫೋನಿನಲ್ಲಿ ಒಂದು ಆಪ್ ಇದೆ. ದಿನಾ ಬೆಳಿಗ್ಗೆ ಎಂಟಕ್ಕೆ ಗಂಟೆ ಬಾರಿಸುತ್ತದೆ. ಅದು ಬಾರಿಸುವ ಮೊದಲೇ ತಂಗಿ ಅಡುಗೆಮನೆಯಿಂದ ಕೂಗುತ್ತಾಳೆ: “ಏನೋ, ಗುಳಿಗಿ ತಗೊಂಡೇನು? ಮೊದಲ ನಾಷ್ಟಾ ಮಾಡು!” “ಆಪ್ ಹೇಳತೈತಿ ಬಿಡವಾ” ಅಂದರೆ, “ಉಂಡೇನು ಅಂತ ಕೇಳತೈತೇನು ಅದು?” ಎನ್ನುತ್ತಾಳೆ. ಈ ಗುಳಿಗೆಗೆ ಹಸಿವು ಸಾಯುತ್ತದೆ, ತೂಕ ನೋಡುತ್ತಿರಬೇಕು ಎಂದು ಡಾಕ್ಟರು ಹೇಳಿದ್ದು ನನಗೆ. ತಂಗಿಗೆ ಯಾರೂ ಹೇಳಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪ ಮೂರು ವರ್ಷ ಬದುಕಿದ್ದ. ಪೇಟೆಗೆ ಹೋಗುವುದು ನಿಂತಿತ್ತು. ಆದರೂ ಮುಂಜಾನೆ ಕಟ್ಟೆಯ ಮೇಲೆ ಕೂತು ತನ್ನ ವಲ್ಲಿಯ ಚುಂಗಿಗೆ ತಾನೇ ಗಂಟು ಹಾಕಿಕೊಳ್ಳುತ್ತಿದ್ದ. ಯಾಕಪ್ಪಾ ಎಂದರೆ, “ಏನೋ ಇತ್ತಪಾ” ಎನ್ನುತ್ತಿದ್ದ. ಹೋದ ದೀಪಾವಳಿಗೆ ಹಳೆಯ ಟ್ರಂಕು ತೆಗೆದಾಗ ಆ ವಲ್ಲಿ ಸಿಕ್ಕಿತು. ಚುಂಗಿನಲ್ಲಿ ಒಂದು ಗಂಟು ಹಾಗೇ ಇತ್ತು, ಕಲ್ಲಿನ ಹಾಗೆ ಬಿಗಿದು. ಅವ್ವ ಹಾಕಿದ್ದೋ ಅಪ್ಪ ಹಾಕಿಕೊಂಡದ್ದೋ ಯಾರು ಹೇಳಬೇಕು?

“ಏನ್ರಿ ಮಾಮಾ ಇದು ಗಂಟು?” ಅಳಿಯ ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಅವನು ಕೈಗೆ ತಗೊಂಡು, ಉಗುರು ಹಾಕಿ, ನಾಲಿಗೆ ಕಚ್ಚಿಕೊಂಡು ಬಿಚ್ಚಲು ಕೂತೇಬಿಟ್ಟ. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿತ್ತಿಲಲ್ಲಿ ಹುಡುಗರ ಪಟಾಕಿ ಢಂ ಎಂದಿತು. ಅವನು ವಲ್ಲಿಯನ್ನು ನನ್ನ ತೊಡೆಯ ಮೇಲೆ ಹಾಕಿ, “ಬಂದೆ, ತಡೀರಿ” ಎಂದು ಓಡಿದ. ಗಂಟು ಅರ್ಧ ಸಡಿಲಾಗಿತ್ತು. ಸಂಜೆಯವರೆಗೂ ಅವನಿಗೆ ನೆನಪಾಗಲಿಲ್ಲ. ನಾನೂ ನೆನಪು ಮಾಡಲಿಲ್ಲ.